ನಲವತ್ತೊಂದನೆಯ ಟವೆಲ್

ಆ ಬಸ್ಸಿನ ವಯಸ್ಸು ಎಷ್ಟೆಂದು ಯಾರಿಗೂ ಗೊತ್ತಿರಲಿಲ್ಲ. ಚಕ್ರ ಕಂಡುಹಿಡಿದ ಮಾರನೆಯ ದಿನವೇ ಅದನ್ನು ಕಟ್ಟಿದ್ದು ಎಂದು ಡ್ರೈವರ್ ಹೇಳುತ್ತಿದ್ದ. ಮೊದಲ ದಿನವೇ ಕಟ್ಟಿದ್ದರೆ ಇನ್ನೂ ಚೆನ್ನಾಗಿ ಓಡುತ್ತಿತ್ತಂತೆ, ಮಾರನೆಯ ದಿನಕ್ಕೆ ಒಳ್ಳೆಯ ಚಕ್ರಗಳೆಲ್ಲ ಖರ್ಚಾಗಿದ್ದವು. ಒಂದು ಕಾಲದಲ್ಲಿ ಅದು ಜನರನ್ನು ಸಾಗಿಸುತ್ತಿತ್ತು. ಆಮೇಲೆ ಸೀಟುಗಳನ್ನು ಕಿತ್ತು, ಕಿಟಕಿಗಳಿಗೆ ತಗಡು ಬಡಿದು, ಹಿಂಭಾಗದಲ್ಲಿ ಸೀಸದ ಹಾಳೆ ಹೊದಿಸಿದ ಕೋಣೆಯೊಂದನ್ನು ಮಾಡಿ, ಸ್ತನದ ಎಕ್ಸ್-ರೇ ತೆಗೆಯುವ ಯಂತ್ರವನ್ನು ಅದರೊಳಗೆ ಕೂರಿಸಿದರು. ಕ್ಯಾನ್ಸರ್ ತಪಾಸಣೆಗೆ ಬನ್ನಿ ಎಂದು ಕರೆದು ಕರೆದು ಸಾಕಾದ ಆಸ್ಪತ್ರೆ, ಕೊನೆಗೆ ತಾನೇ ನಾಲ್ಕು ಚಕ್ರ ಹಾಕಿಕೊಂಡು ಹೆಂಗಸರ ಬಾಗಿಲಿಗೆ ಹೊರಟಿತ್ತು.

ಆ ಕೋಣೆಯೊಳಗೆ ಇಪ್ಪತ್ತೆರಡು ವರ್ಷಗಳಿಂದ ನಿಂತಿದ್ದವಳು ಇಸ್ತ್ರಿಯಕ್ಕ. ಅವಳ ಕೆಲಸದ ಚೀಟಿಯಲ್ಲಿ ರೇಡಿಯಾಲಜಿ ಟೆಕ್ನಿಷಿಯನ್ ಎಂದಿತ್ತು, ಆದರೆ ಯಂತ್ರದ ಎರಡು ತಟ್ಟೆಗಳ ನಡುವೆ ಸ್ತನವನ್ನು ಇಟ್ಟು ಒತ್ತಿ ಚಪ್ಪಟೆ ಮಾಡುವವಳನ್ನು ಯಾರು ಹಾಗೆ ಕರೆಯುತ್ತಾರೆ. ಯಾವುದೋ ಬೀದಿಯ ಮುದುಕಿಯೊಬ್ಬಳು ಹೊರಬಂದು, "ಒಳಗೆ ಇಸ್ತ್ರಿ ಮಾಡ್ತಾರೆ ಕಣ್ರೇ, ಮಡಚಿ ಕೊಡೋದೊಂದು ಬಾಕಿ" ಎಂದಿದ್ದಳು. ಅಂದಿನಿಂದ ಆ ಹೆಸರು ಬಸ್ಸಿಗಿಂತ ಮೊದಲೇ ಮುಂದಿನ ಊರು ತಲುಪುತ್ತಿತ್ತು.

ಒಬ್ಬೊಬ್ಬರಿಗೆ ನಾಲ್ಕು ಚಿತ್ರ, ಎರಡು ಮೇಲಿನಿಂದ, ಎರಡು ಪಕ್ಕದಿಂದ. "ಭುಜ ಸಡಿಲ ಬಿಡಿ ತಾಯಿ. ಗಲ್ಲ ಆ ಕಡೆ. ಸ್ವಲ್ಪ ನೋಯುತ್ತೆ, ನನ್ನನ್ನ ಬೈಕೊಳ್ಳಿ ಪರವಾಗಿಲ್ಲ. ಉಸಿರು ಹಿಡೀರಿ." ಹೀಗೆ ಹೇಳುವಾಗ ಅವಳೂ ತನ್ನ ಉಸಿರು ಹಿಡಿಯುತ್ತಿದ್ದಳು. ಬೇಕಾಗಿರಲಿಲ್ಲ, ಅಭ್ಯಾಸವಾಗಿಬಿಟ್ಟಿತ್ತು. ಇಪ್ಪತ್ತೆರಡು ವರ್ಷದಲ್ಲಿ ಒಟ್ಟು ಒಂದು ತಿಂಗಳು ಈಕೆ ಉಸಿರೇ ಆಡಿಲ್ಲ ಎಂದು ಡ್ರೈವರ್ ಬಿಡುವಿದ್ದಾಗ ಕೂತು ಗುಣಿಸಿದ್ದ. ನಿವೃತ್ತಿಯ ಹೊತ್ತಿಗೆ ಆ ತಿಂಗಳನ್ನು ರಜೆಯಾಗಿ ಕೇಳಬೇಕೆಂದು ಅವಳೂ ಹೇಳುತ್ತಿದ್ದಳು. ಬಲಭುಜ ಮಾತ್ರ ಅಷ್ಟು ದಿನ ಕಾಯಲು ತಯಾರಿರಲಿಲ್ಲ. ಉದ್ದ, ಗಿಡ್ಡ, ಗೂನು, ನಡುಕ ಎಂದು ಎಲ್ಲ ಬಗೆಯ ಹೆಂಗಸರನ್ನು ಹಿಡಿದು ತಿರುಗಿಸಿ ಯಂತ್ರಕ್ಕೆ ಹೊಂದಿಸಿ ಹೊಂದಿಸಿ ಅದು ಸಂಜೆಯಾದರೆ ಚಪ್ಪಲಿ ಎತ್ತಿಡಲೂ ಒಪ್ಪುತ್ತಿರಲಿಲ್ಲ.

ಅವಳ ದೊಡ್ಡ ಶತ್ರು ಪೌಡರ್.

ಬೆವರಿನ ಮೈಯಲ್ಲಿ ಪರರ ಮುಂದೆ ಬಟ್ಟೆ ಬಿಚ್ಚಬೇಕಲ್ಲ ಎಂದು ಹೆಂಗಸರು ಬರುವ ಮುನ್ನ ಕಂಕುಳಿಗೂ ಎದೆಗೂ ಪೌಡರ್ ಬಳಿದುಕೊಂಡು ಬರುತ್ತಿದ್ದರು. ಚರ್ಮದ ಮೇಲಿನ ಪೌಡರ್ ಆ ಚಿತ್ರದಲ್ಲಿ ಸಣ್ಣ ಬಿಳಿ ಚುಕ್ಕೆಗಳಾಗಿ ಕಾಣುತ್ತದೆ. ಕ್ಯಾನ್ಸರ್ ಬೇರು ಬಿಡುವ ಮೊದಲು ಕೆಲವೊಮ್ಮೆ ತೋರುವ ಗುರುತೂ ಸಣ್ಣ ಬಿಳಿ ಚುಕ್ಕೆಗಳೇ. ಒಂದು ಮೈಯ ಹೊರಗೆ, ಇನ್ನೊಂದು ಒಳಗೆ. ಪರದೆಯ ಮೇಲೆ ಎರಡೂ ಅಕ್ಕತಂಗಿಯರ ಹಾಗೆ ಕೂತಿರುತ್ತವೆ.

ಅದಕ್ಕೇ ಇಸ್ತ್ರಿಯಕ್ಕ ಕಡು ನೀಲಿ ಬಣ್ಣದ ಐವತ್ತು ಕೈಟವೆಲ್ ಇಟ್ಟಿದ್ದಳು. ಒಂದೊಂದರ ಮೂಲೆಯಲ್ಲೂ ಬಿಳಿ ದಾರದಲ್ಲಿ ಒಂದರಿಂದ ಐವತ್ತರವರೆಗೆ ಅಂಕಿ ಹೊಲಿದಿದ್ದಳು. ಮುಂಬಾಗಿಲಲ್ಲಿ ಚೀಟಿ ಬರೆಯುವ ನರ್ಸು ಯಾವ ನಂಬರಿನ ಚೀಟಿ ಕೊಡುತ್ತಾಳೋ ಅದೇ ನಂಬರಿನ ಒದ್ದೆ ಟವೆಲನ್ನೂ ಕೊಡಬೇಕು, ಹೆಂಗಸು ಪರದೆಯ ಹಿಂದೆ ನಿಂತು ಚೆನ್ನಾಗಿ ಒರೆಸಿಕೊಂಡೇ ಒಳಗೆ ಬರಬೇಕು. ಟವೆಲುಗಳನ್ನು ಒಗೆಯುವುದೂ ಇಸ್ತ್ರಿಯಕ್ಕನೇ, ತನ್ನ ಮನೆಯಲ್ಲಿ, ವಾರದ ರಜೆಯ ದಿನ. ಒಮ್ಮೆ ಆಸ್ಪತ್ರೆಯ ಧೋಬಿಖಾನೆಗೆ ಕೊಟ್ಟಿದ್ದಳು. ಐವತ್ತು ಟವೆಲ್ ಹೋಗಿ ಮೂವತ್ತೆರಡು ಟವೆಲ್, ಎರಡು ದಿಂಬಿನ ಚೀಲ, ಯಾರೋ ದೊಡ್ಡ ಡಾಕ್ಟರ ಒಂದು ಕಾಲುಚೀಲ ಬಂದಿದ್ದವು. ಕಳೆದವನ್ನು ಮತ್ತೆ ಹೊಲಿದು ಅಂಕಿ ತುಂಬಿಸಿದಳು. ಆ ಕಾಲುಚೀಲ ಇನ್ನೂ ಬಸ್ಸಿನಲ್ಲಿದೆ, ಡ್ರೈವರ್ ಅದರಲ್ಲಿ ಕನ್ನಡಿ ಒರೆಸುತ್ತಾನೆ.

ಆ ಶನಿವಾರ ಬಸ್ಸು ನಿಂತದ್ದು ಅಂಗಿ ಹೊಲಿಯುವ ಕಾರ್ಖಾನೆಯೊಂದರ ಅಂಗಳದಲ್ಲಿ. ಒಬ್ಬೊಬ್ಬರಿಗೆ ಒಂಬತ್ತು ನಿಮಿಷ ಎಂದು ಕಾರ್ಖಾನೆಯ ಸೂಪರ್‌ವೈಸರ್ ಮೊದಲೇ ಹೇಳಿದ್ದ. ಕಾಜಾ ಹೊಲಿಯುವುದಕ್ಕೂ ಎದೆಯ ಚಿತ್ರ ತೆಗೆಯುವುದಕ್ಕೂ ಅವನ ಕೈಗಡಿಯಾರದಲ್ಲಿ ಭೇದವಿರಲಿಲ್ಲ. ಹೆಂಗಸರು ಸಾಲಾಗಿ ಬಂದರು, ಸಾಲಿನಲ್ಲಿ ಒಂದು ಪೌಡರ್ ಡಬ್ಬಿಯೂ ಕೈಯಿಂದ ಕೈಗೆ ಬಂತು. ಮಧ್ಯಾಹ್ನದ ಹೊತ್ತಿಗೆ ಬಸ್ಸಿನೊಳಗೆ ಎಷ್ಟು ಪೌಡರ್ ತುಂಬಿತೆಂದರೆ, ಎದುರಿಗೆ ಬಂದವರು ಯಾರೆಂದು ಕೆಮ್ಮಿನಿಂದ ಗುರುತಿಸಬೇಕಾಯಿತು.

"ಟವೆಲ್ ಕೊಟ್ಟು ಕೊಟ್ಟು ನನ್ನ ಕೈಯೇ ಬೆಳ್ಳಗಾಯ್ತು" ಎಂದಳು ನರ್ಸು. "ಅಮ್ಮ ಅಂದ್ರೂ ಕೇಳಲ್ಲ, ಅಕ್ಕ ಅಂದ್ರೂ ಕೇಳಲ್ಲ. ಒರೆಸಿಕೊಂಡು, ಮತ್ತೆ ಹಾಕ್ಕೊಂಡು ಬರ್ತಾರೆ."

ಹನ್ನೊಂದು ಹೆಂಗಸರ ಚಿತ್ರವನ್ನು ಇಸ್ತ್ರಿಯಕ್ಕ ಎರಡೆರಡು ಸಲ ತೆಗೆಯಬೇಕಾಯಿತು. ಮರುಚಿತ್ರವೆಂದರೆ ಹೆಂಗಸಿಗೂ ನೋವು, ಭುಜಕ್ಕೂ ನೋವು, ಆಸ್ಪತ್ರೆಯ ಆಫೀಸಿಗಂತೂ ಎಲ್ಲಕ್ಕಿಂತ ಹೆಚ್ಚು ನೋವು. ನೂರಕ್ಕೆ ಮೂರಕ್ಕಿಂತ ಹೆಚ್ಚು ಮರುಚಿತ್ರ ಕೂಡದೆಂದು ಅವರು ಹಾಳೆಯೊಂದನ್ನು ಬಸ್ಸಿನ ಗೋಡೆಗೆ ಅಂಟಿಸಿದ್ದರು. ಆ ತಿಂಗಳಲ್ಲೇ ಅವಳಿಗೆ ಎರಡು ಮೆಮೊ ಬಂದಿತ್ತು.

ನಲವತ್ತೊಂದನೆಯವಳು ಕೊನೆಯವಳು. ಕಾಲರ್ ಹೊಲಿಯುವವಳು, ಮೂವತ್ತೆಂಟು ನಲವತ್ತರ ಸಣಕಲು ಹೆಂಗಸು. ನಾಲ್ಕನೆಯ ಚಿತ್ರ ಮುಗಿಯುವಷ್ಟರಲ್ಲಿ ಹೊರಗೆ ಕಾರ್ಖಾನೆಯ ಬಸ್ಸು ಹಾರ್ನ್ ಹೊಡೆಯತೊಡಗಿತು.

"ಆಯ್ತಾ ಅಕ್ಕಾ? ಆ ಬಸ್ ಬಿಟ್ರೆ ನಂಗೆ ಬೇರೆ ಬಸ್ಸಿಲ್ಲ" ಎನ್ನುತ್ತ ಅವಳು ಆಗಲೇ ಗುಂಡಿ ಹಾಕಿಕೊಳ್ಳುತ್ತಿದ್ದಳು.

ಇಸ್ತ್ರಿಯಕ್ಕ ಯಂತ್ರದ ಪರದೆ ನೋಡಿದಳು. ಎಡಗಡೆ, ಮೇಲಿನ ಭಾಗದಲ್ಲಿ, ಚಿಟಿಕೆ ಹಾಕಿದ ಹಾಗೆ ಆರೇಳು ಬಿಳಿ ಚುಕ್ಕೆ. ಬೆಳಗಿನಿಂದ ಅವಳು ಅಂಥವನ್ನು ಆಕಾಶದ ನಕ್ಷತ್ರಗಳಿಗಿಂತ ನಾಲ್ಕು ಹೆಚ್ಚು ನೋಡಿದ್ದಳು. ಮತ್ತೆ ಒರೆಸಿ ಮತ್ತೆ ತೆಗೆಯಬೇಕು, ಅದು ಅವಳೇ ಮಾಡಿದ ನಿಯಮ. ಹೊರಗೆ ಹಾರ್ನ್. ಭುಜದೊಳಗೆ ಯಾರೋ ಮೊಳೆ ಹೊಡೆಯುತ್ತಿದ್ದರು.

"ಆಯ್ತು, ಹೋಗಮ್ಮ" ಎಂದಳು.

ಆಮೇಲೆ ಷರಾದ ಜಾಗದಲ್ಲಿ 'ಚರ್ಮದ ಮೇಲೆ ಪೌಡರ್' ಎಂಬ ಚೌಕಕ್ಕೆ ಗುರುತು ಹಾಕಿ, ದಿನದ ಚಿತ್ರಗಳನ್ನೆಲ್ಲ ಆಸ್ಪತ್ರೆಗೆ ಕಳುಹಿಸಿ ಯಂತ್ರ ಆರಿಸಿದಳು. ಗುರುತು ಹಾಕಲು ಒಂದು ಕ್ಷಣವೂ ಹಿಡಿಯಲಿಲ್ಲ. ಆ ದಿನ ಅವಳು ಮಾಡಿದ ಕೆಲಸಗಳಲ್ಲಿ ಭುಜ ನೋಯದೆ ಆದದ್ದು ಅದೊಂದೇ.

ಮಾರನೆಯ ಬೆಳಿಗ್ಗೆ ಅವಳು ಮನೆಯ ಹಿಂದಿನ ನಲ್ಲಿಯ ಬಳಿ ಸ್ಟೂಲು ಹಾಕಿಕೊಂಡು ಕೂತಳು. ಬಕೆಟ್ಟಿಗೆ ಟವೆಲ್ ಹಾಕುವ ಮೊದಲು ಒಂದೊಂದನ್ನೂ ಕೊಡವುತ್ತಿದ್ದಳು. ಅವಳ ಗಂಡ ನೀರು ಸರಬರಾಜು ಇಲಾಖೆಯಲ್ಲಿ ವಾಲ್ವ್ ತಿರುಗಿಸುವವನು. ಅವನಿಗೂ ಬಲಭುಜವೇ ನೋವು. ಇಬ್ಬರೂ ಸೇರಿದರೆ ಕೆಲಸಕ್ಕೆ ಬರುವ ಎಡಗೈ ಎರಡು ಇದ್ದವು, ಬಲಗೈಗೆ ಮಾತ್ರ ಪಕ್ಕದ ಮನೆಗೆ ಹೋಗಬೇಕಿತ್ತು.

"ನಿನ್ನ ಟವೆಲ್ ಒಗೆದ ನೀರು ನೋಡಿದ್ರೆ ನಮ್ಮ ಸಾಹೇಬ್ರು ನನ್ನನ್ನ ಸಸ್ಪೆಂಡ್ ಮಾಡ್ತಾರೆ" ಎಂದ ಅವನು ಬಾಗಿಲಲ್ಲಿ ಟೀ ಲೋಟ ಹಿಡಿದು. "ನಲ್ಲೀಲಿ ಹಾಲು ಬಿಟ್ಟಿದ್ದೀಯ ಅಂತ."

"ಅಲ್ಲೇ ನಿಂತು ಮಾತಾಡೋ ಬದಲು ಹಿಂಡೋದಕ್ಕಾದ್ರೂ ಬನ್ನಿ."

"ಬರ್ತೀನಿ. ಎಡಗೈ ಎದ್ದಿದೆ, ಬಲಗೈ ಇನ್ನೂ ಮಲಗಿದೆ."

ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು. ಕಡು ನೀಲಿಯ ಮೇಲೆ ಬಿಳಿ ಪಟ್ಟೆಗಳು, ಸುಣ್ಣ ಬಳಿಯುವವನ ಕುಂಚ ಒರೆಸಿದ ಹಾಗೆ. ಆಮೇಲೆ ನಲವತ್ತೊಂದು.

ಅದು ನೀಲಿಯಾಗಿಯೇ ಇತ್ತು.

ಇಸ್ತ್ರಿಯಕ್ಕ ಅದನ್ನು ತಿರುವಿದಳು, ಬೆಳಕಿಗೆ ಹಿಡಿದಳು, ಕಪ್ಪು ಕಲ್ಲಿನ ಮೇಲೆ ಬಡಿದಳು. ಒಂದು ಕಣವೂ ಬೀಳಲಿಲ್ಲ. ಗಂಡ ಬಂದು ಬಗ್ಗಿ ನೋಡಿದ.

"ಏನಾಯ್ತು?"

"ಇದರಲ್ಲಿ ಪೌಡರಿಲ್ಲ."

"ಒಳ್ಳೇದೇ ಆಯ್ತಲ್ಲ, ಒಂದು ಕಮ್ಮಿ ಒಗೆಯೋದು."

"ಚಿತ್ರದಲ್ಲಿ ಚುಕ್ಕೆ ಇತ್ತು ರೀ. ಪೌಡರ್ ಅಂತ ಬರೆದು ಕಳಿಸಿದೀನಿ."

ಅವನು ಲೋಟ ಕೆಳಗಿಟ್ಟ. ಇಪ್ಪತ್ತೆರಡು ವರ್ಷ ಅವಳ ಜೊತೆ ಊಟ ಮಾಡಿದವನಿಗೆ ಅಷ್ಟು ಸಾಕಿತ್ತು. "ಒರೆಸಿಕೊಂಡೇ ಇಲ್ಲವೇನೋ ಅವಳು. ಹಾಗೇ ವಾಪಸ್ ಇಟ್ಟಿರಬಹುದು."

ಅವಳು ಟವೆಲ್ ಬಿಡಿಸಿ ತೋರಿಸಿದಳು. ಮುದುಡಿ ಒಣಗಿತ್ತು. ನಡುವೆ ಹೊಲಿಗೆ ಯಂತ್ರದ ಎಣ್ಣೆಯ ಕಲೆ, ಅದಕ್ಕೆ ಅಂಟಿಕೊಂಡು ಬಿಳಿ ಅಂಗಿಯ ಮೂರು ದಾರದ ಚೂರು. ಚೆನ್ನಾಗಿಯೇ ಒರೆಸಿಕೊಂಡಿದ್ದಳು. ಮೈಮೇಲಿದ್ದುದೆಲ್ಲ ಬಂದಿತ್ತು, ಇಲ್ಲದ ಪೌಡರ್ ಮಾತ್ರ ಬಂದಿರಲಿಲ್ಲ. ಹಾಗಾದರೆ ಆ ಚುಕ್ಕೆಗಳು ಇದ್ದದ್ದು ಹೊರಗಲ್ಲ.

ಡಾಕ್ಟರಿಗೆ ಫೋನು ಮಾಡಲು ಅವಳು ಎರಡು ಸಲ ಎದ್ದು ಎರಡು ಸಲ ಕೂತು, ಮೂರನೆಯ ಸಲ ಮಾಡಿದಳು. ಚಿತ್ರ ನೋಡಿ ವರದಿ ಬರೆಯುವ ಡಾಕ್ಟರಮ್ಮ ಅವಳಿಗಿಂತ ಹದಿನೈದು ವರ್ಷ ಚಿಕ್ಕವಳು, ರಜೆಯ ದಿನವೂ ಮನೆಯಿಂದಲೇ ಚಿತ್ರ ನೋಡುವವಳು.

"ನಲವತ್ತೊಂದಾ? ಮುಗಿಸಿಬಿಟ್ಟೆನಲ್ಲ ಅಕ್ಕ. ತೊಂದರೆ ಇಲ್ಲ ಅಂತ ಸಹಿ ಹಾಕಿದೆ."

"ಚುಕ್ಕೆ ನೋಡಲಿಲ್ವಾ ಮೇಡಂ?"

"ನೋಡಿದೆ. ಒಂದು ನಿಮಿಷ ಯೋಚನೇನೂ ಮಾಡಿದೆ. ಆಮೇಲೆ ನಿಮ್ಮ ಗುರುತು ಇತ್ತು. ಬೇರೆ ಯಾರಾದ್ರೂ ಪೌಡರ್ ಅಂದಿದ್ರೆ ವಾಪಸ್ ಕಳಿಸ್ತಿದ್ದೆ, ನೀವು ಅಂದ್ಮೇಲೆ ಪೌಡರೇ ಅಂದ್ಕೊಂಡೆ."

ಬೈದಿದ್ದರೆ ಸುಲಭವಿತ್ತು. ಇಪ್ಪತ್ತೆರಡು ವರ್ಷದ ಒಳ್ಳೆಯ ಹೆಸರೇ ಆ ಹೆಂಗಸಿನ ಮುಂದೆ ಬಾಗಿಲು ಹಾಕಿತ್ತು. 'ತೊಂದರೆ ಇಲ್ಲ' ಎಂಬ ಪತ್ರ ಒಮ್ಮೆ ಕೈಸೇರಿದರೆ ಅವಳನ್ನು ಮತ್ತೆ ಕರೆಯುವುದು ಎರಡು ವರ್ಷದ ಮೇಲೆ. ಎರಡು ವರ್ಷದಲ್ಲಿ ಆ ಚುಕ್ಕೆಗಳು ಏನೇನಾಗಬಹುದು ಎಂಬುದನ್ನು ಇಸ್ತ್ರಿಯಕ್ಕ ಪರದೆಯ ಮೇಲೆ ಸಾಕಷ್ಟು ಸಲ ನೋಡಿದ್ದಳು.

"ಅದು ಪೌಡರಲ್ಲ ಮೇಡಂ. ಪತ್ರ ತಡೀರಿ. ನಾಳೆ ಹೋಗಿ ಇನ್ನೊಂದ್ಸಲ ತೆಗೀತೀನಿ."

"ಇದಕ್ಕೆ ನಿಮಗೆ ಮೂರನೇ ಮೆಮೊ ಬರುತ್ತೆ ಅಕ್ಕ. ನೋಡದೆ ಪೌಡರ್ ಅಂತ ಗುರುತು ಹಾಕಿದ್ದು ಯಾಕೆ ಅಂತ ಕೇಳ್ತಾರೆ."

"ಕೇಳಲಿ. ನಾನೂ ಅದನ್ನೇ ಕೇಳ್ಕೊಳ್ತಿದೀನಿ."

ಸೋಮವಾರ ಬಸ್ಸು ಹೋಗಬೇಕಾಗಿದ್ದದ್ದು ಊರಿನ ಇನ್ನೊಂದು ತುದಿಗೆ. ಕಾರ್ಖಾನೆಯ ಕಡೆ ತಿರುಗಿಸು ಎಂದಾಗ ಡ್ರೈವರ್ ಸ್ಟೀರಿಂಗ್ ಮೇಲೆ ತಲೆಯಿಟ್ಟ.

"ಅಕ್ಕಾ, ಈ ಬಸ್ಸು ಮುಂದಕ್ಕೆ ಹೋಗೋದೇ ಹೆಚ್ಚು. ಹೋದ ಜಾಗಕ್ಕೇ ವಾಪಸ್ ಹೋಗು ಅಂದ್ರೆ ಅದಕ್ಕೆ ಅವಮಾನ ಆಗುತ್ತೆ."

"ಅದಕ್ಕೆ ನಾನು ಕ್ಷಮೆ ಕೇಳ್ತೀನಿ, ನೀನು ತಿರುಗಿಸಪ್ಪ."

ಡ್ರೈವರ್ ಅವಳ ಮುಖ ನೋಡಿ ಗೇರ್ ಹಾಕಿದ.

ದಾರಿಯುದ್ದಕ್ಕೂ ಇಸ್ತ್ರಿಯಕ್ಕ ಒಂದೇ ವಿಷಯ ಯೋಚಿಸಿದಳು. ಇನ್ನೂರು ಹೊಲಿಗೆ ಯಂತ್ರಗಳ ನಡುವಿಂದ ಒಬ್ಬಳನ್ನೇ ಹೆಸರು ಹಿಡಿದು ಕರೆದರೆ, ಅವಳು ಬಾಗಿಲು ತಲುಪುವ ಮೊದಲು ಸುದ್ದಿ ಗೇಟು ತಲುಪುತ್ತದೆ. ಸಂಜೆಗೆ ಅವಳನ್ನು ಸಾಯಿಸಿ, ಮಕ್ಕಳನ್ನು ಯಾರ ಮನೆಯಲ್ಲಿ ಬಿಡುವುದೆಂದೂ ತೀರ್ಮಾನಿಸಿರುತ್ತಾರೆ. ಚೀಟಿಯ ಪುಸ್ತಕ ತೆಗೆದು ನಾಲ್ಕು ಬೇರೆ ನಂಬರುಗಳನ್ನು ಆರಿಸಿ ನಡುವೆ ನಲವತ್ತೊಂದನ್ನು ಸೇರಿಸಿದಳು.

ಸೂಪರ್‌ವೈಸರ್ ಕೈಗಡಿಯಾರ ನೋಡುತ್ತಲೇ ಬಂದ.

"ಏನ್ರೀ ಇದು? ಶನಿವಾರ ಆಯ್ತಲ್ಲ."

"ಐದು ಜನರ ಚಿತ್ರ ಕೆಟ್ಟಿದೆ. ಅವರ ತಪ್ಪಲ್ಲ, ನಂದು."

"ನಮ್ಮಲ್ಲಿ ಹೀಗೆ ಐದು ಅಂಗಿ ಕೆಟ್ರೆ ಹೊಲಿದವಳನ್ನ ಮನೆಗೆ ಕಳಿಸ್ತೀವಿ ಗೊತ್ತಾ?"

"ನಂಗೂ ಮನೆಗೆ ಹೋಗೋ ಆಸೆ ಬಹಳ ಇದೆ ಸ್ವಾಮಿ. ಇವರ ಚಿತ್ರ ಆಗಲಿ, ಆಮೇಲೆ ನೀವೇ ಕಳಿಸಿ."

ಅವನಿಗೆ ನಗು ಬಂದಿರಬೇಕು, ತೋರಿಸಲಿಲ್ಲ. ಐದು ಜನ ಬಂದರು. ನಾಲ್ವರಿಗೆ ಅವಳು ಯಂತ್ರ ಮುಟ್ಟಿಸಲಿಲ್ಲ. ವಯಸ್ಸು ಕೇಳಿದಳು, ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತೇ ಎಂದು ಕೇಳಿದಳು, ಶನಿವಾರ ಬರೆದುಕೊಂಡದ್ದನ್ನೇ ಮತ್ತೆ ಬರೆದುಕೊಂಡು ಕಳುಹಿಸಿದಳು. ಮೂರನೆಯವಳು ಕಾಲರ್ ಹೊಲಿಯುವವಳು.

ನರ್ಸು ನಲವತ್ತೊಂದನೆಯ ಟವೆಲನ್ನೇ ಕೊಟ್ಟಳು. ಅವಳು ಪರದೆಯ ಹಿಂದೆ ಒರೆಸಿಕೊಳ್ಳುವಾಗ ಇಸ್ತ್ರಿಯಕ್ಕ ಈಚೆಯಿಂದ, ಏನೂ ಇಲ್ಲದ ದನಿಯಲ್ಲಿ ಕೇಳಿದಳು:

"ಶನಿವಾರ ನೀನೂ ಪೌಡರ್ ಹಾಕ್ಕೊಂಡಿದ್ಯಾ?"

"ಎಲ್ಲಿಂದ ಹಾಕ್ಕೊಳ್ಲಿ ಅಕ್ಕ? ಡಬ್ಬಿ ನನ್ನ ಹತ್ರ ಬರೋ ಹೊತ್ತಿಗೆ ಖಾಲಿ. ನಾನು ಯಾವಾಗ್ಲೂ ಸಾಲಿನ ಕೊನೆ, ನಂಗೆ ಸಿಗೋದು ಡಬ್ಬಿ ಮಾತ್ರ."

ಕೇಳಿದ್ದರೆ ಶನಿವಾರವೂ ಇದೇ ಉತ್ತರ ಸಿಗುತ್ತಿತ್ತು. ಒಂದು ಪ್ರಶ್ನೆಯ ಕೆಲಸ.

ಈ ಸಲ ಇಸ್ತ್ರಿಯಕ್ಕ ಅವಸರ ಮಾಡಲಿಲ್ಲ. ಎಡಗಡೆ ಆ ಜಾಗವನ್ನೇ ಹಿಡಿದು, ದೊಡ್ಡದಾಗಿ ಕಾಣುವಂತೆ ತಟ್ಟೆ ಬದಲಿಸಿ, ಮೇಲಿನಿಂದ ಒಂದು, ಪಕ್ಕದಿಂದ ಒಂದು ತೆಗೆದಳು. "ಉಸಿರು ಹಿಡಿ" ಎಂದವಳು ತಾನು ಹಿಡಿದ ಉಸಿರನ್ನು ಚಿತ್ರ ಪರದೆಯ ಮೇಲೆ ಮೂಡುವವರೆಗೂ ಬಿಡಲಿಲ್ಲ.

ಚುಕ್ಕೆಗಳು ಅಲ್ಲೇ ಇದ್ದವು. ಎರಡೂ ಕಡೆಯಿಂದ ನೋಡಿದರೂ ಒಂದೇ ಜಾಗ, ಚರ್ಮದಿಂದ ಎರಡು ಬೆರಳು ಒಳಗೆ. ಆರೇಳಲ್ಲ, ಹನ್ನೊಂದು.

"ಏನು ಕಾಣ್ತಿದೆ ಅಕ್ಕ?"

ಚಿತ್ರ ತೆಗೆಯುವವರು ಚಿತ್ರದಲ್ಲಿ ಏನಿದೆ ಎಂದು ಹೇಳಬಾರದು. ಅದು ಡಾಕ್ಟರ ಕೆಲಸ. ಇದಕ್ಕಾಗಿ ಇಸ್ತ್ರಿಯಕ್ಕ ಇಪ್ಪತ್ತೆರಡು ವರ್ಷದಲ್ಲಿ ಒಂದು ಮುಖ ತಯಾರಿಸಿಟ್ಟಿದ್ದಳು, ಕಲ್ಲಿನ ಮೇಲೆ ಇಟ್ಟರೆ ಕಲ್ಲು ಬಾಯಿಬಿಟ್ಟೀತು, ಅದು ಬಿಡುತ್ತಿರಲಿಲ್ಲ. ಆ ಮುಖವನ್ನು ಹಾಕಿಕೊಳ್ಳಲು ಅವಳಿಗೆ ಅಂದು ಭುಜ ಎತ್ತುವುದಕ್ಕಿಂತ ಹೆಚ್ಚು ಶ್ರಮವಾಯಿತು.

"ಡಾಕ್ಟರಮ್ಮ ನೋಡ್ತಾರೆ. ಆಸ್ಪತ್ರೆಯಿಂದ ಫೋನ್ ಬರುತ್ತೆ, ಬಂದ್ರೆ ಹೋಗ್ಬೇಕು. ಕೆಲಸ ಇದೆ, ಬಸ್ಸಿಲ್ಲ ಅನ್ಬಾರ್ದು."

"ಅಂದ್ರೆ ಏನೋ ಇದೆ."

"ಹೋಗ್ಬೇಕು ಅಂದೆ ಅಷ್ಟೇ."

ಆ ಹೆಂಗಸು ಗುಂಡಿ ಹಾಕಿಕೊಂಡಳು. ಶನಿವಾರಕ್ಕಿಂತ ನಿಧಾನವಾಗಿ, ಒಂದೊಂದಾಗಿ. "ನನಗಿಂತ ಮುಂಚೆ ಬಂದ ಇಬ್ಬರು ಒಳಗಿದ್ದಾಗ ಯಂತ್ರದ ಸದ್ದೇ ಕೇಳಿಸ್ಲಿಲ್ಲ" ಎಂದಳು. "ಹೊಲಿಗೆಯವರು ನಾವು, ಯಾವ ಯಂತ್ರ ಓಡ್ತಿದೆ, ಯಾವುದು ಓಡ್ತಿಲ್ಲ ಅಂತ ಕಿವಿಗೆ ಗೊತ್ತಾಗುತ್ತೆ." ಬಾಗಿಲ ಬಳಿ ಹೋಗಿ ತಿರುಗಿ ನೋಡಿದಳು. "ಹೊರಗೆ ಅವರಿಗೇನೂ ಹೇಳಲ್ಲ ಬಿಡಿ. ಚಿತ್ರ ಕೆಟ್ಟಿತ್ತು ಅಂತೀನಿ."

ಇಸ್ತ್ರಿಯಕ್ಕ ಷರಾದ ಜಾಗದಲ್ಲಿ ಚೌಕಗಳನ್ನೆಲ್ಲ ಬಿಟ್ಟು ಕೈಯಾರೆ ಬರೆದಳು: ಪೌಡರ್ ಇಲ್ಲ. ಒರೆಸಿದೆ, ಕೇಳಿದೆ. ಮೊದಲ ಗುರುತು ನನ್ನ ತಪ್ಪು. ಆಮೇಲೆ ಬಾಕಿ ಇಬ್ಬರನ್ನು ಕರೆದು ವಯಸ್ಸು ಕೇಳಿದಳು.

ಸೂಜಿ ಹಾಕಿ ಪರೀಕ್ಷೆ ಮಾಡಿ ಉತ್ತರ ಬರಲು ಹನ್ನೆರಡು ದಿನ ಹಿಡಿಯಿತು. ಅದು ಅವಳು ಹೆದರಿದ್ದೇ ಆಗಿತ್ತು. ಆದರೆ ಇನ್ನೂ ಇದ್ದ ಜಾಗ ಬಿಟ್ಟು ಕದಲಿರಲಿಲ್ಲ. "ಈಗಲೇ ಸಿಕ್ಕಿದ್ದು ಒಳ್ಳೇದಾಯ್ತು, ತೆಗೆದುಹಾಕಿದ್ರೆ ಆಯ್ತು" ಎಂದು ಡಾಕ್ಟರಮ್ಮ ಫೋನಿನಲ್ಲಿ ಹೇಳಿದಾಗ ಇಸ್ತ್ರಿಯಕ್ಕ ಬೇರೊಂದು ಅಂಗಳದಲ್ಲಿ, ಬೇರೊಬ್ಬಳ ಭುಜ ಹಿಡಿದು ನಿಂತಿದ್ದಳು. ಸಂತೋಷವಾಗಬೇಕಿತ್ತು. ಆದದ್ದು ದಣಿವು, ಬಸ್ಸನ್ನು ಹಿಂದಿನಿಂದ ಊರಿನವರೆಗೂ ತಳ್ಳಿಕೊಂಡು ಬಂದಂಥ ದಣಿವು. ಮೂರನೆಯ ಮೆಮೊ ಅದೇ ವಾರ ಬಂತು. ಅದನ್ನು ಗೋಡೆಯ ಹಾಳೆಯ ಪಕ್ಕದಲ್ಲೇ ಅಂಟಿಸಿದಳು.

ಕಾಲರ್ ಹೊಲಿಯುವವಳಿಗೆ ಆಪರೇಶನ್ ಆಯಿತು. ಎರಡು ತಿಂಗಳಿಗೆ ಮತ್ತೆ ಯಂತ್ರದ ಮುಂದೆ ಕೂತಳಂತೆ, ಎಡಗೈ ಮೇಲೆತ್ತುವಾಗ ಸ್ವಲ್ಪ ಹಿಡಿದುಕೊಳ್ಳುತ್ತದೆ ಎಂದು ನರ್ಸಿನ ಕೈಲಿ ಹೇಳಿ ಕಳುಹಿಸಿದ್ದಳು. ಭುಜದ ನೋವಿಗೆ ಇಸ್ತ್ರಿಯಕ್ಕ ಏನು ಹಚ್ಚುತ್ತಾಳೆ ಎಂದೂ ಕೇಳಿದ್ದಳು. ಇಸ್ತ್ರಿಯಕ್ಕ ತನ್ನ ಮುಲಾಮಿನ ಹೆಸರು ಬರೆದು ಕಳುಹಿಸಿದಳು, ಹಚ್ಚುವ ಮೊದಲು ಡಾಕ್ಟರನ್ನು ಕೇಳು ಎಂದು ಕೆಳಗೆ ಎರಡು ಗೆರೆ ಎಳೆದು.

ಅಂದಿನಿಂದ ರಜೆಯ ದಿನದ ಒಗೆತ ಒಂದು ಗಂಟೆಯಿಂದ ಮೂರು ಗಂಟೆಯಾಯಿತು. ಚೀಟಿಯ ಪುಸ್ತಕವನ್ನು ಮೊಣಕಾಲ ಮೇಲಿಟ್ಟುಕೊಂಡು, ಪ್ರತಿ ಟವೆಲನ್ನೂ ಬಿಡಿಸಿ, ಬೆಳಕಿಗೆ ಹಿಡಿದು, ಕಪ್ಪು ಕಲ್ಲಿಗೆ ಬಡಿದು, ಅಂಕಿಯನ್ನು ಪುಸ್ತಕದಲ್ಲಿ ನೋಡಿ, ಆಮೇಲೆಯೇ ಬಕೆಟ್ಟಿಗೆ. ಆಸ್ಪತ್ರೆಯವರು ಹೇಳಿದ ಕೆಲಸವಲ್ಲ ಅದು, ಹೇಳಿದ್ದರೆ ಅವಳೇ ಜಗಳವಾಡುತ್ತಿದ್ದಳು.

"ಎಷ್ಟಾಯ್ತು?" ಎಂದು ಗಂಡ ಕೇಳುತ್ತಾನೆ.

"ಹದಿನೇಳು."

ಅವನು ಇನ್ನೊಂದು ಸ್ಟೂಲು ತಂದು ಪಕ್ಕದಲ್ಲಿ ಕೂತು, ಹದಿನೆಂಟನೆಯದನ್ನು ಎಡಗೈಯಲ್ಲಿ ಎತ್ತಿ ಬೆಳಕಿಗೆ ಹಿಡಿಯುತ್ತಾನೆ.

"ಇದು ಬಿಳಿ ಇದೆ."

"ಸರಿಯಾಗಿ ನೋಡಿ."

"ಬಿಳೀನೇ ಕಣೆ."

"ಕೊಡಿ ಇಲ್ಲಿ" ಎಂದು ಅವಳು ತಾನೊಮ್ಮೆ ನೋಡುತ್ತಾಳೆ.